ಅಮೆಜಾನ್ ಕಾಡಿನ ಲೆಕ್ಕಪತ್ರ

1989ರಲ್ಲಿ ಅಮೆಜಾನ್ ಕಾಡಿಗೆ ಎರಡು ಲೆಕ್ಕಗಳಿದ್ದವು. ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞ ಡೆನಿಸ್ ಮಹಾರ್ ಅವರ ಅಂದಾಜಿನ ಪ್ರಕಾರ ಬ್ರೆಜಿಲ್‌ನ ಅಮೆಜಾನ್ ಪ್ರಾಂತ್ಯದ ನೂರಕ್ಕೆ 12 ಪಾಲು, ಅಂದರೆ ಹತ್ತಿರ ಹತ್ತಿರ 6 ಲಕ್ಷ ಚದರ ಕಿಲೋಮೀಟರ್, ಆಗಲೇ ಬೋಳಾಗಿತ್ತು. ಬ್ರೆಜಿಲ್ ಸರ್ಕಾರದ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ‘ಇನ್ಪೆ’ ಮುಂದಿಟ್ಟ ಅಂಕಿಯಲ್ಲಿ ಅದು ನೂರಕ್ಕೆ 5ರ ಆಸುಪಾಸು. ಎರಡರ ನಡುವಿನ ಅಂತರದಲ್ಲಿ ಹೆಚ್ಚುಕಡಿಮೆ ಎರಡು ಕರ್ನಾಟಕಗಳನ್ನು ಕೂರಿಸಬಹುದಿತ್ತು.

ಯಾರೂ ಸುಳ್ಳು ಅಂಕಿ ಹುಟ್ಟಿಸಿರಲಿಲ್ಲ. ಮಹಾರ್ ಹೊಸ ಉಪಗ್ರಹ ಚಿತ್ರಗಳನ್ನು ನೋಡಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಕಾಡು ಕರಗಿದ ವೇಗವನ್ನೇ ಮುಂದಕ್ಕೆ ಎಳೆದು ಲೆಕ್ಕ ಹಾಕಿದ್ದರು. ಇನ್ಪೆಯವರು ಚಿತ್ರಗಳನ್ನು ನೋಡಿದ್ದರು, ಆದರೆ ಪಾರಾ ಮತ್ತು ಮರಾನ್ಯಾವೊ ರಾಜ್ಯಗಳಲ್ಲಿ ಬಹಳ ಹಿಂದೆಯೇ ಕಡಿದುಹೋಗಿದ್ದ ಕಾಡನ್ನು ಕೂಡಿಸಿರಲಿಲ್ಲ. ಬೆಲೆಂ ನಗರದಿಂದ ಬ್ರಗಾನ್ಸಾಕ್ಕೆ ರೈಲುಹಳಿ ಹಾಕಿದ ಕಾಲದಿಂದ ಬೋಳಾಗುತ್ತ ಬಂದ ನೆಲ ಅದು. ಹಳೆಯ ಸಾಲವನ್ನು ಪಕ್ಕಕ್ಕಿಟ್ಟು ಈ ವರ್ಷದ ಖರ್ಚನ್ನಷ್ಟೇ ತೋರಿಸಿದ ಖಾತೆಯಂತಿತ್ತು ಸರ್ಕಾರದ ವರದಿ. ಅಮೆಜಾನ್‌ನ ಮನೌಸ್ ನಗರದಲ್ಲಿದ್ದ ಪರಿಸರ ವಿಜ್ಞಾನಿ ಫಿಲಿಪ್ ಫರ್ನ್‌ಸೈಡ್ ಇದನ್ನು ಎತ್ತಿ ತೋರಿಸಿದ ಮೇಲೆ ಹಳೆಯ ಕಡಿತವೂ ಮುಂದಿನ ಲೆಕ್ಕಗಳಲ್ಲಿ ಸೇರಿತು.

ವಾದ ಅಷ್ಟು ಬಿಸಿಯಾಗಲು ಕಾರಣವಿತ್ತು. 1988ರ ಡಿಸೆಂಬರ್ 22ರಂದು ಆಕ್ರೆ ರಾಜ್ಯದ ಶಪುರಿ ಎಂಬ ಊರಿನಲ್ಲಿ, ರಬ್ಬರ್ ಹಾಲು ಇಳಿಸುವವರ ನಾಯಕ ಷಿಕೊ ಮೆಂಡೆಸ್ ಅವರನ್ನು ಅವರ ಮನೆಯ ಹಿಂಬಾಗಿಲಲ್ಲೇ ಗುಂಡಿಟ್ಟು ಕೊಂದಿದ್ದರು. ಜಗತ್ತಿನ ಕಣ್ಣು ಬ್ರೆಜಿಲ್ ಮೇಲಿತ್ತು. ಅಧ್ಯಕ್ಷ ಜೋಸೆ ಸಾರ್ನೆ ಅವರ ಸರ್ಕಾರಕ್ಕೆ ಚಿಕ್ಕ ಅಂಕಿ ಬೇಕಾಗಿತ್ತು, ಹೊರಗಿನ ಟೀಕಾಕಾರರಿಗೆ ದೊಡ್ಡದು. ಕಾಡು ಎಷ್ಟು ಹೋಯಿತು ಎಂದು ಹೇಳುವ ಮೊದಲು ಯಾವುದನ್ನು ಕಾಡು ಎನ್ನಬೇಕು, ಎಂದಿನಿಂದ ಎಣಿಸಬೇಕು, ಎಷ್ಟು ಹಾಳಾದರೆ ಹೋಯಿತೆಂದು ಬರೆಯಬೇಕು ಎಂದು ಯಾರಾದರೂ ತೀರ್ಮಾನಿಸಲೇಬೇಕು. ಅಮೆಜಾನ್‌ನ ಐವತ್ತು ವರ್ಷಗಳ ಇತಿಹಾಸವನ್ನು ಈ ತೀರ್ಮಾನಗಳ ಇತಿಹಾಸವೆಂದೂ ಓದಬಹುದು.

ಮೊದಲು ಬಂದದ್ದು ರಸ್ತೆ. 1970ರಲ್ಲಿ ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಭೀಕರ ಬರ ಬಿತ್ತು. ಅದನ್ನು ನೋಡಿ ಬಂದ ಸೇನಾ ಆಡಳಿತದ ಅಧ್ಯಕ್ಷ ಎಮಿಲಿಯೊ ಮೆಡಿಸಿ, ಕಾಡನ್ನು ಪೂರ್ವದಿಂದ ಪಶ್ಚಿಮಕ್ಕೆ ಸೀಳುವ ಟ್ರಾನ್ಸ್ ಅಮೆಜಾನ್ ಹೆದ್ದಾರಿಯನ್ನು ಘೋಷಿಸಿದರು. ನೆಲವಿಲ್ಲದ ಜನರನ್ನು ಜನರಿಲ್ಲದ ನೆಲಕ್ಕೆ ಕಳಿಸುವ ಯೋಜನೆ ಎಂದು ಅದನ್ನು ಬಣ್ಣಿಸಲಾಯಿತು. ಆ ನೆಲದಲ್ಲಿ ಸಾವಿರಾರು ವರ್ಷಗಳಿಂದ ಬಾಳುತ್ತಿದ್ದ ಆದಿವಾಸಿಗಳು ಆ ಬಣ್ಣನೆಯೊಳಗೆ ಜನರಾಗಿ ಎಣಿಕೆಯಾಗಿರಲಿಲ್ಲ.

ನಿಜವಾದ ನೂಕುನುಗ್ಗಲು ಆದದ್ದು ಇನ್ನೊಂದು ರಸ್ತೆಯಲ್ಲಿ. ಕುಯಾಬಾದಿಂದ ಪೋರ್ಟೊ ವೆಲ್ಯೊಗೆ ಹೋಗುವ ಬಿಆರ್-364 ರಸ್ತೆಗೆ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ 1984ರ ಹೊತ್ತಿಗೆ ಡಾಂಬರು ಬಿತ್ತು. ಆ ರಸ್ತೆ ಹಾಯುವ ರೊಂಡೋನಿಯಾ ರಾಜ್ಯದ ಜನಸಂಖ್ಯೆ 1970ರಲ್ಲಿ ಸುಮಾರು 1.1 ಲಕ್ಷ ಇದ್ದದ್ದು 1991ರಲ್ಲಿ 11 ಲಕ್ಷ ದಾಟಿತು. ಸರ್ಕಾರ ಕೊಡುತ್ತಿದ್ದ ಜಮೀನು ಸಾಮಾನ್ಯವಾಗಿ 100 ಹೆಕ್ಟೇರ್: ರಸ್ತೆಯ ಬದಿಗೆ ಅರ್ಧ ಕಿಲೋಮೀಟರ್, ಒಳಕ್ಕೆ ಎರಡು ಕಿಲೋಮೀಟರ್. ರಸ್ತೆಯ ಎರಡೂ ಕಡೆ ಜಮೀನು, ಅದರ ಬೆನ್ನಿಗೆ ಮುಂದಿನ ರಸ್ತೆಯ ಜಮೀನು. ಹೀಗಾಗಿ ನಾಲ್ಕು ಕಿಲೋಮೀಟರಿಗೊಂದು ಅಡ್ಡರಸ್ತೆ ಹುಟ್ಟಿತು. ಮೇಲಿನಿಂದ ತೆಗೆದ ಚಿತ್ರದಲ್ಲಿ ಇದು ಮೀನಿನ ಮುಳ್ಳಿನಂತೆ ಕಾಣುತ್ತಿತ್ತು. ಬ್ರೆಜಿಲ್‌ನವರು ಅದಕ್ಕೆ ಆ ಹೆಸರನ್ನೇ ಇಟ್ಟರು.

ಬಂದವನು ಮಾಡುತ್ತಿದ್ದ ಕೆಲಸ ಎಲ್ಲ ಕಡೆಯೂ ಒಂದೇ. ಮಳೆ ನಿಂತ ಮೇಲೆ ಬಳ್ಳಿ, ಪೊದೆ ಸವರುವುದು. ಗರಗಸದಿಂದ ದೊಡ್ಡ ಮರ ಉರುಳಿಸುವುದು. ಕೆಲವು ವಾರ ಒಣಗಲು ಬಿಟ್ಟು ಆಗಸ್ಟ್–ಸೆಪ್ಟೆಂಬರಿನಲ್ಲಿ ಬೆಂಕಿ ಕೊಡುವುದು. ಬೂದಿಯ ಬಲದಲ್ಲಿ ಒಂದೆರಡು ಬೆಳೆ ಭತ್ತವೋ ಮೆಕ್ಕೆಜೋಳವೋ ಬರುತ್ತಿತ್ತು. ಆಮೇಲೆ ಮಣ್ಣು ಸೋತು, ಹುಲ್ಲು ಬಿತ್ತಿ ದನ ಬಿಡುವುದೇ ದಾರಿ. ಮಲೆನಾಡಿನ ಕುಮರಿ ಬೇಸಾಯ ಕಂಡವರಿಗೆ ಇದರ ಮೊದಲರ್ಧ ಪರಿಚಿತವೇ. ವ್ಯತ್ಯಾಸ ಎರಡನೆಯ ಅರ್ಧದಲ್ಲಿತ್ತು: ಇಲ್ಲಿ ಕಾಡು ಮರಳಿ ಬೆಳೆಯಲು ಯಾರೂ ಕಾಯಲಿಲ್ಲ. ಮರ ಕಡಿದ ಜಮೀನನ್ನು ‘ಅಭಿವೃದ್ಧಿ’ಪಡಿಸಿದ ಜಮೀನೆಂದು ಭೂಸುಧಾರಣಾ ಇಲಾಖೆ ಒಪ್ಪುತ್ತಿತ್ತು. ಕಡಿದವನದೇ ನೆಲ. ಕಾಡನ್ನು ಉಳಿಸಿಕೊಂಡವನ ಹಕ್ಕು ಪತ್ರದ ಮೇಲೆ ಸಡಿಲವಾಗುತ್ತಿತ್ತು.

ಇದೆಲ್ಲವನ್ನೂ ಮೇಲಿನಿಂದ ನೋಡುವ ಕಣ್ಣು ಸಿದ್ಧವಾದದ್ದೂ ಅದೇ ಕಾಲದಲ್ಲಿ, ಆದರೆ ಬೇರೆಯದೇ ಉದ್ದೇಶಕ್ಕೆ. ಅಮೆರಿಕದ ಭೂಗರ್ಭ ಸಮೀಕ್ಷೆಯ ನಿರ್ದೇಶಕ ವಿಲಿಯಂ ಪೆಕೋರ ಭೂಮಿಯ ಸಂಪನ್ಮೂಲ ನೋಡುವ ಉಪಗ್ರಹ ಬೇಕೆಂದು 1966ರಿಂದ ಹಟ ಹಿಡಿದಿದ್ದರು. 1972ರ ಜುಲೈ 23ರಂದು ಅದು ಹಾರಿತು; ಪೆಕೋರ ಅದಕ್ಕೆ ಕೆಲವೇ ದಿನ ಮೊದಲು ತೀರಿಕೊಂಡಿದ್ದರು. ಮುಂದೆ ಲ್ಯಾಂಡ್‌ಸ್ಯಾಟ್ ಎಂದು ಹೆಸರಾದ ಈ ಉಪಗ್ರಹದಲ್ಲಿ ಮುಖ್ಯ ಸಲಕರಣೆ ಎಂದು ಎಲ್ಲರೂ ನಂಬಿದ್ದು ಟೆಲಿವಿಷನ್ ಮಾದರಿಯ ಕ್ಯಾಮೆರಾಗಳನ್ನು. ಎರಡನೆಯದು, ವರ್ಜೀನಿಯಾ ನಾರ್ವುಡ್ ಎಂಬ ಭೌತವಿಜ್ಞಾನಿ ವಿನ್ಯಾಸ ಮಾಡಿದ್ದ ಸ್ಕ್ಯಾನರ್. ಸೆಕೆಂಡಿಗೆ 13 ಸಲ ಅತ್ತಿಂದಿತ್ತ ತೂಗುವ ಕನ್ನಡಿಯೊಂದು ಅದರಲ್ಲಿತ್ತು. ಇಂಥ ಅಲುಗಾಡುವ ಯಂತ್ರ ಬಾಹ್ಯಾಕಾಶದಲ್ಲಿ ಬಾಳುತ್ತದೆಯೇ ಎಂಬ ಅನುಮಾನ ಅನೇಕರಿಗಿತ್ತು. ಕೆಲವೇ ವಾರಗಳಲ್ಲಿ ಕ್ಯಾಮೆರಾಗಳು ಕೈಕೊಟ್ಟವು, ನಾರ್ವುಡ್ ಅವರ ಕನ್ನಡಿ ವರ್ಷಗಟ್ಟಲೆ ತೂಗಿತು.

ಆ ಸ್ಕ್ಯಾನರ್ ನೆಲವನ್ನು ಸುಮಾರು 80 ಮೀಟರ್ ಚೌಕಗಳಾಗಿ, ಅಂದರೆ ಒಂದೂವರೆ ಎಕರೆಯ ತುಣುಕುಗಳಾಗಿ ನೋಡುತ್ತಿತ್ತು. ಕಣ್ಣಿಗೆ ಕಾಣುವ ಎರಡು ಬಣ್ಣದ ಪಟ್ಟಿಗಳ ಜೊತೆ ಕಾಣದ ಅವಕೆಂಪಿನ ಎರಡು ಪಟ್ಟಿಗಳನ್ನೂ ಅಳೆಯುತ್ತಿತ್ತು. ಹಸಿರೆಲೆ ಅವಕೆಂಪು ಬೆಳಕನ್ನು ಜೋರಾಗಿ ಹಿಂದಕ್ಕೆ ಚೆಲ್ಲುತ್ತದೆ, ಬರಿಮಣ್ಣು ಅಷ್ಟು ಚೆಲ್ಲುವುದಿಲ್ಲ. ಆದ್ದರಿಂದ ಅಂದಿನ ಚಿತ್ರಗಳಲ್ಲಿ ಕಾಡು ಕಡುಗೆಂಪು, ಕಡಿದ ನೆಲ ಮಾಸಲು ಬಣ್ಣ. ಬ್ರೆಜಿಲ್ ತಡಮಾಡದೆ 1973ರಲ್ಲೇ ಕುಯಾಬಾದಲ್ಲಿ ತನ್ನದೇ ನೆಲಕೇಂದ್ರ ಕಟ್ಟಿ ಚಿತ್ರಗಳನ್ನು ನೇರವಾಗಿ ಇಳಿಸಿಕೊಳ್ಳತೊಡಗಿತು. ಉತ್ತರ ಅಮೆರಿಕದ ಹೊರಗೆ ಹಾಗೆ ಮಾಡಿದ ಮೊದಲ ದೇಶ ಅದು. ಕಾಡು ಕಡಿಯಲು ಉತ್ತೇಜನ ಕೊಡುತ್ತಿದ್ದ ಸೇನಾ ಸರ್ಕಾರವೇ ಕಡಿತವನ್ನು ಅಳೆಯುವ ಯಂತ್ರಕ್ಕೂ ಹಣ ಕೊಟ್ಟದ್ದು ಈ ಕಥೆಯ ದೊಡ್ಡ ವಿಚಿತ್ರ. ಹುಲ್ಲುಗಾವಲು ಮಾಡಲೆಂದು ಸರ್ಕಾರದಿಂದ ತೆರಿಗೆ ರಿಯಾಯಿತಿ ಪಡೆದವರು ಹೇಳಿದಷ್ಟನ್ನು ನಿಜಕ್ಕೂ ಮಾಡಿದ್ದಾರೆಯೇ ಎಂದು ನೋಡುವುದೂ ಅಂದು ಒಂದು ಉಪಯೋಗವಾಗಿತ್ತು.

ಎಂಬತ್ತರ ದಶಕದಲ್ಲಿ ಗಾಬರಿ ಹುಟ್ಟಿಸಿದ್ದು ಮಾತ್ರ ಲ್ಯಾಂಡ್‌ಸ್ಯಾಟ್ ಅಲ್ಲ, ಹವಾಮಾನದ ಉಪಗ್ರಹ. ಇನ್ಪೆಯ ಆಲ್ಬರ್ಟೊ ಸೆಟ್ಜರ್ 1987ರ ಬೇಸಿಗೆಯ ಬೆಂಕಿಗಳನ್ನು ಅದರ ಶಾಖದ ಪಟ್ಟಿಯಲ್ಲಿ ಎಣಿಸಿದರು. ಅವರ ಲೆಕ್ಕದಲ್ಲಿ ಆ ಒಂದೇ ವರ್ಷ ಸುಮಾರು 2 ಲಕ್ಷ ಚ.ಕಿ.ಮೀ. ಸುಟ್ಟಿತ್ತು, ಅದರಲ್ಲಿ 80,000 ಚ.ಕಿ.ಮೀ. ದಟ್ಟ ಕಾಡು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಆ ಅಂಕಿ ಓಡಾಡಿತು. ಅದು ಹೆಚ್ಚಾಯಿತೆಂದು ಆಮೇಲೆ ಗೊತ್ತಾಯಿತು: ಆ ಉಪಗ್ರಹದ ಒಂದು ಚುಕ್ಕೆ ನೆಲದ ಮೇಲೆ ಒಂದು ಕಿಲೋಮೀಟರಿಗೂ ಅಗಲ, ಅದರೊಳಗೆ ಸಣ್ಣದೊಂದು ಬೆಂಕಿ ಬಿದ್ದರೂ ಇಡೀ ಚುಕ್ಕೆ ಬೆಳಗುತ್ತದೆ. ಆದರೂ ಸೆಟ್ಜರ್ ಅವರ ಲೆಕ್ಕ ದಂಡವಾಗಲಿಲ್ಲ. ಪ್ರತಿ ವರ್ಷ ಸರಿಯಾಗಿ ಅಳೆಯದಿದ್ದರೆ ಇನ್ಯಾರೋ ನಮ್ಮ ಪರವಾಗಿ ಅಳೆಯುತ್ತಾರೆ ಎಂಬುದನ್ನು ಸರ್ಕಾರಕ್ಕೆ ಅದು ಮನಗಾಣಿಸಿತು. 1988ರಿಂದ ‘ಪ್ರೊಡೆಸ್’ ಎಂಬ ವಾರ್ಷಿಕ ಲೆಕ್ಕ ಶುರುವಾಯಿತು.

ಆ ದಿನಗಳಲ್ಲಿ ಇದು ಕಂಪ್ಯೂಟರಿನ ಕೆಲಸವಾಗಿರಲಿಲ್ಲ. ಸಾವೊ ಜೋಸೆ ದೋಸ್ ಕಾಂಪೊಸ್ ನಗರದಲ್ಲಿರುವ ಇನ್ಪೆಯಲ್ಲಿ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು 1:2,50,000 ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ ಮೇಜಿನ ಮೇಲೆ ಹರಡುತ್ತಿದ್ದರು. ಮೇಲೆ ಪಾರದರ್ಶಕ ಹಾಳೆ ಹಾಕಿ, ಹೋದ ವರ್ಷದ ಗೆರೆಗಳನ್ನು ಹೊಂದಿಸಿ, ಹೊಸದಾಗಿ ಬೋಳಾದ ತುಂಡಿನ ಸುತ್ತ ಕೈಯಿಂದ ಗೆರೆ ಎಳೆಯುತ್ತಿದ್ದರು. 6.25 ಹೆಕ್ಟೇರಿಗಿಂತ ಚಿಕ್ಕ ತುಂಡನ್ನು ಬಿಡುತ್ತಿದ್ದರು, ಏಕೆಂದರೆ ಆ ಅಳತೆಯ ಕಾಗದದಲ್ಲಿ ಅದು ಒಂದು ಮಿಲಿಮೀಟರಿನ ಚೌಕ. ಇನ್ನೂ ಕಿರಿದನ್ನು ಕೈ ನಿಖರವಾಗಿ ಎಳೆಯಲಾರದು. ಕಾಗದ ಹೋಗಿ ಪರದೆ ಬಂದ ಮೇಲೂ ಹಳೆಯ ವರ್ಷಗಳೊಡನೆ ಹೋಲಿಸಲೆಂದು ವಾರ್ಷಿಕ ಅಂಕಿಗೆ ಅದೇ ಮಿತಿ ಉಳಿಯಿತು. ಮೋಡವಿಲ್ಲದ ಜೂನ್–ಸೆಪ್ಟೆಂಬರ್ ತಿಂಗಳ ಚಿತ್ರಗಳೇ ಬೇಕಾದ್ದರಿಂದ ಅವರ ವರ್ಷ ಆಗಸ್ಟ್‌ನಿಂದ ಜುಲೈವರೆಗೆ.

ಇನ್ನೊಂದು ನಿಯಮ ಹೆಚ್ಚು ಗಂಭೀರವಾದದ್ದು. ಒಮ್ಮೆ ಕಡಿತವೆಂದು ಗುರುತಾದ ತುಂಡನ್ನು ಪ್ರೊಡೆಸ್ ಮತ್ತೆ ನೋಡುವುದೇ ಇಲ್ಲ. ಅಲ್ಲಿ ಹದಿನೈದು ವರ್ಷದ ಮರಿಕಾಡು ಬೆಳೆದರೂ ಲೆಕ್ಕಕ್ಕಿಲ್ಲ, ಅದನ್ನು ಮತ್ತೆ ಕಡಿದರೂ ಲೆಕ್ಕಕ್ಕಿಲ್ಲ. ಕಡಿದ ನೆಲ ಏನಾಯಿತು ಎಂದು ಇನ್ಪೆ ಮತ್ತು ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾ ಸೇರಿ ಬಹಳ ತಡವಾಗಿ ಹುಡುಕಿದಾಗ, 2008ರ ಚಿತ್ರಗಳಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಪಾಲು ದನದ ಹುಲ್ಲುಗಾವಲು, ಐದರಲ್ಲೊಂದು ಪಾಲು ಮರಳಿ ಬೆಳೆಯುತ್ತಿದ್ದ ಕಾಡು ಎಂದು ತಿಳಿಯಿತು.

1993ರ ಜೂನ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಬಂಧವೊಂದು ಹಳೆಯ ಜಗಳವನ್ನು ಅರ್ಧ ಮುಗಿಸಿತು, ಅರ್ಧ ಹೊಸದಾಗಿ ಹಚ್ಚಿತು. ವಿಜ್ಞಾನಿಗಳಾದ ಡೇವಿಡ್ ಸ್ಕೋಲ್ ಮತ್ತು ಕಾಂಪ್ಟನ್ ಟಕರ್ ಬ್ರೆಜಿಲ್ ಅಮೆಜಾನ್ ಪೂರ್ತಿಯಾಗಿ ಆವರಿಸುವ ಇನ್ನೂರಕ್ಕೂ ಹೆಚ್ಚು ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಅಳೆದಿದ್ದರು. ಕಡಿದ ಕಾಡು 1978ರಲ್ಲಿ 78,000 ಚ.ಕಿ.ಮೀ., 1988ರಲ್ಲಿ 2,30,000. ಭಯಪಟ್ಟವರ ಅಂಕಿಗಳಿಗಿಂತ ಇದು ಎಷ್ಟೋ ಕಡಿಮೆ. ಸರ್ಕಾರದವರು ಉಸಿರು ಬಿಡುವಷ್ಟರಲ್ಲಿ ಎರಡನೆಯ ಅಂಕಿ ಕಾದಿತ್ತು. ಕಡಿತದ ಅಂಚಿನಿಂದ ಒಂದು ಕಿಲೋಮೀಟರ್ ಒಳಗಿನ ಕಾಡನ್ನೂ ಒಂಟಿಯಾಗಿ ಉಳಿದ ತುಂಡುಗಳನ್ನೂ ಸೇರಿಸಿದರೆ ಪೆಟ್ಟು ತಿಂದ ಕಾಡು 2,08,000ದಿಂದ 5,88,000 ಚ.ಕಿ.ಮೀ.ಗೆ ಏರಿತ್ತು. ಮಹಾರ್ ಹೇಳಿದ 6 ಲಕ್ಷಕ್ಕೆ ಅದು ತೀರ ಹತ್ತಿರ ಬಂದದ್ದು ಕಾಕತಾಳೀಯ. ಅಳೆದ ವಸ್ತುವೇ ಬೇರೆ.

ಅಂಚಿನ ಕಾಡಿಗೆ ಏನಾಗುತ್ತದೆ ಎಂಬುದು ಬರಿ ಊಹೆಯಾಗಿರಲಿಲ್ಲ. ಮನೌಸ್‌ನ ಉತ್ತರಕ್ಕೆ 1979ರಿಂದ ಜೀವವಿಜ್ಞಾನಿ ಟಾಮಸ್ ಲವ್‌ಜಾಯ್ ಒಂದು ಪ್ರಯೋಗ ನಡೆಸುತ್ತಿದ್ದರು. ಪ್ರತಿ ಜಮೀನಿನಲ್ಲಿ ಅರ್ಧ ಕಾಡು ಉಳಿಸಬೇಕೆಂದು ಅಂದಿನ ಕಾನೂನಿತ್ತು. ಹೇಗೂ ಉಳಿಸುವುದಾದರೆ ಅಳತೆಯ ಚೌಕಗಳಾಗಿ ಉಳಿಸಿ ಎಂದು ಅವರು ದನದ ಫಾರಂಗಳ ಮಾಲೀಕರನ್ನು ಒಪ್ಪಿಸಿದರು: 1 ಹೆಕ್ಟೇರ್, 10 ಹೆಕ್ಟೇರ್, 100 ಹೆಕ್ಟೇರ್. ಸುತ್ತ ಹುಲ್ಲುಗಾವಲಾದ ಮೇಲೆ ಬಿಸಿಗಾಳಿ ಪಕ್ಕದಿಂದ ಒಳಕ್ಕೆ ಬೀಸತೊಡಗಿತು. ಅಂಚಿನ ಹೆಮ್ಮರಗಳು ನಿಂತಲ್ಲೇ ಒಣಗಿದವು, ಕೆಲವು ಗಾಳಿಗೆ ಮುರಿದವು. ದಂಡುಇರುವೆಗಳ ಸಾಲಿನ ಹಿಂದೆ ಹೋಗಿ, ಅವು ಎಬ್ಬಿಸುವ ಹುಳುಗಳನ್ನು ಹಿಡಿದು ಬದುಕುವ ಹಕ್ಕಿಗಳು ಚಿಕ್ಕ ಚೌಕಗಳಿಂದ ಬೇಗನೆ ಮಾಯವಾದವು, ಏಕೆಂದರೆ ಅಷ್ಟು ಇರುವೆದಂಡು ಸಾಕುವಷ್ಟು ಕಾಡು ಅಲ್ಲಿರಲಿಲ್ಲ. 1997ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ ಅಂಚಿನ 100 ಮೀಟರಿನೊಳಗೆ ಕಾಡು ತನ್ನ ಮರದ ತೂಕದಲ್ಲಿ ನೂರಕ್ಕೆ 36ರವರೆಗೆ ಕಳೆದುಕೊಂಡಿತ್ತು. ಉಪಗ್ರಹಕ್ಕೆ ಅದು ಕಾಡಾಗಿಯೇ ಕಾಣುತ್ತಿತ್ತು.

1995ರಲ್ಲಿ ಕಡಿತ 29,059 ಚ.ಕಿ.ಮೀ. ತಲುಪಿತು. ಬೆಳಗಾವಿಯಷ್ಟು ದೊಡ್ಡ ಜಿಲ್ಲೆ ಎರಡು, ಒಂದೇ ವರ್ಷದಲ್ಲಿ. ಹಿಂದಿನ ವರ್ಷ ಬಂದ ಹೊಸ ನಾಣ್ಯ ‘ರಿಯಾಲ್’ ಹಣದುಬ್ಬರವನ್ನು ಹಿಡಿದಿತ್ತು, ಕೈಯಲ್ಲಿ ದುಡ್ಡು ನಿಂತವರು ನೆಲಕ್ಕೂ ದನಕ್ಕೂ ಹಾಕಿದರು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಮರುವರ್ಷ ಅಧ್ಯಕ್ಷ ಕಾರ್ಡೊಜೊ ಅಮೆಜಾನ್ ಜಮೀನುಗಳಲ್ಲಿ ಉಳಿಸಬೇಕಾದ ಕಾಡಿನ ಪಾಲನ್ನು ನೂರಕ್ಕೆ 50ರಿಂದ 80ಕ್ಕೆ ಏರಿಸಿದರು. ಕಾನೂನು ಕಾಗದದಲ್ಲಿ ಬಿಗಿಯಾಯಿತು, 2004ರಲ್ಲಿ ಕಡಿತ ಮತ್ತೆ 27,772ಕ್ಕೆ ಬಂತು.

ಆಮೇಲೆ ಬದಲಾದದ್ದು ಏನು? ಒಂದು, 2003ರಿಂದ ಇನ್ಪೆ ತನ್ನ ನಕ್ಷೆಗಳನ್ನೇ ಅಂತರ್ಜಾಲದಲ್ಲಿ ತೆರೆದಿಟ್ಟಿತು. ಅಲ್ಲಿಯವರೆಗೆ ಸರ್ಕಾರ ವರ್ಷಕ್ಕೊಂದು ಅಂಕಿ ಹೇಳುತ್ತಿತ್ತು, ನಂಬುವುದು ಬಿಡುವುದು ಕೇಳುಗರಿಗೆ ಬಿಟ್ಟದ್ದು. ಈಗ ಯಾವ ತುಂಡು ಎಂದು ಯಾರು ಬೇಕಾದರೂ ತೆರೆದು ನೋಡಬಹುದಾಗಿತ್ತು. ನನ್ನ ಅಭಿಪ್ರಾಯದಲ್ಲಿ ಯಾವ ಹೊಸ ಕ್ಯಾಮೆರಾಗಿಂತಲೂ ಈ ನಿರ್ಧಾರ ದೊಡ್ಡದು. ಎರಡು, 2004ರಲ್ಲಿ ‘ಡೆಟೆರ್’ ಎಂಬ ಎಚ್ಚರಿಕೆ ವ್ಯವಸ್ಥೆ ಬಂತು. ಚಿತ್ರ ಒರಟು, 25 ಹೆಕ್ಟೇರಿಗಿಂತ ದೊಡ್ಡ ಕಡಿತವಷ್ಟೇ ಕಾಣುವುದು, ಆದರೆ ವರ್ಷ ಕಾಯಬೇಕಿಲ್ಲ; ಹದಿನೈದು ದಿನಕ್ಕೊಮ್ಮೆ ಪರಿಸರ ಜಾರಿ ಸಂಸ್ಥೆ ಇಬಾಮಾಗೆ ಪಟ್ಟಿ ಹೋಗುತ್ತಿತ್ತು. ಅಂದು ಪರಿಸರ ಸಚಿವೆಯಾಗಿದ್ದವರು ಆಕ್ರೆಯ ರಬ್ಬರ್ ಕಾಡಿನಲ್ಲೇ ಹುಟ್ಟಿ ಬೆಳೆದ, ಷಿಕೊ ಮೆಂಡೆಸ್ ಅವರ ಒಡನಾಡಿ ಮರೀನಾ ಸಿಲ್ವ.

ಅಂಕಿ ನೆಲಕ್ಕಿಳಿದಾಗ ಏನಾಗುತ್ತದೆ ಎಂಬುದಕ್ಕೆ ಪಾರಾ ರಾಜ್ಯದ ಪರಗೊಮಿನಾಸ್ ಸಾಕ್ಷಿ. ನಾಟಾ ಮಿಲ್ಲುಗಳಿಂದಲೇ ಬೆಳೆದ ಊರದು. 2008ರ ಆರಂಭದಲ್ಲಿ ಅತಿ ಹೆಚ್ಚು ಕಾಡು ಕಡಿದ 36 ಪುರಸಭಾ ಕ್ಷೇತ್ರಗಳ ಕಪ್ಪುಪಟ್ಟಿಗೆ ಅದು ಸೇರಿತು. ಅದೇ ವರ್ಷ ಕಾನೂನಿನ ಷರತ್ತು ಪಾಲಿಸದವರಿಗೆ ಬ್ಯಾಂಕ್ ಸಾಲ ನಿಲ್ಲಿಸುವ ನಿಯಮವೂ ಬಂತು. ನವೆಂಬರಿನಲ್ಲಿ ಆದಿವಾಸಿ ನೆಲದಿಂದ ಕದ್ದ ದಿಮ್ಮಿಗಳ ಲಾರಿಗಳನ್ನು ಇಬಾಮಾ ಹಿಡಿದಾಗ ಜನ ದೊಂಬಿಯೆದ್ದು ಇಬಾಮಾ ಕಚೇರಿಯ ಮೇಲೆ ದಾಳಿ ಮಾಡಿ ಬೆಂಕಿ ಹಚ್ಚಿದರು, ಲಾರಿಗಳನ್ನು ಬಿಡಿಸಿಕೊಂಡು ಹೋದರು. ಊರಿನ ಮೇಯರ್ ಮುಖಂಡರನ್ನೆಲ್ಲ ಕೂಡಿಸಿ ಬೇರೆ ದಾರಿ ಹಿಡಿದರು. ಪಟ್ಟಿಯಿಂದ ಹೊರಬರಲು ಎರಡು ಅಳತೆ: ಖಾಸಗಿ ಜಮೀನಿನ ನೂರಕ್ಕೆ 80 ಪಾಲಿನ ಗಡಿ ನೋಂದಣಿಯಾಗಬೇಕು, ವರ್ಷದ ಕಡಿತ 40 ಚ.ಕಿ.ಮೀ.ಗಿಂತ ಕೆಳಗಿರಬೇಕು. 2010ರಲ್ಲಿ ಆ ಪಟ್ಟಿಯಿಂದ ಹೊರಬಂದ ಮೊದಲ ಊರು ಪರಗೊಮಿನಾಸ್. 2012ರಲ್ಲಿ ಇಡೀ ಅಮೆಜಾನ್‌ನ ಕಡಿತ 4,571 ಚ.ಕಿ.ಮೀ.ಗೆ ಇಳಿದಿತ್ತು.

ಕಡಿಯುವವರು ಸುಮ್ಮನೆ ಕೂತಿರಲಿಲ್ಲ. ಡೆಟೆರ್ 25 ಹೆಕ್ಟೇರ್ ನೋಡುತ್ತದೆ ಎಂದು ತಿಳಿದ ಮೇಲೆ ಸಣ್ಣ ತುಂಡುಗಳ ಪಾಲು ಏರಿತು. ಮೋಡದ ತಿಂಗಳುಗಳಲ್ಲಿ ಗರಗಸ ಓಡಿತು. ಎಲ್ಲಕ್ಕಿಂತ ಚಾಣಾಕ್ಷ ಉಪಾಯ ಹೊರಬಿದ್ದದ್ದು 2014ರಲ್ಲಿ, ಅದೂ ಉಪಗ್ರಹದಿಂದಲ್ಲ. ತಮ್ಮ ಮೆನ್ಕ್ರಗ್ನೊಟಿ ನೆಲದ ಅಂಚಿನಲ್ಲಿ ಕಾಡು ಹೋಗುತ್ತಿದೆ ಎಂದು ಕಯಾಪೊ ಆದಿವಾಸಿಗಳು ಇಬಾಮಾಗೆ ದೂರು ಕೊಟ್ಟರು. ಚಿತ್ರದಲ್ಲಿ ಕಾಡು ಹಾಗೇ ಇತ್ತು. ಹೋಗಿ ನೋಡಿದರೆ ಕೂಲಿಗಳ ಬಿಡಾರಗಳು. ಅತಿ ಎತ್ತರದ ಮರಗಳನ್ನು ಮೇಲುಹೊದಿಕೆಯಂತೆ ಬಿಟ್ಟು, ಕೆಳಗಿನದನ್ನೆಲ್ಲ ಸವರಿ, ಹುಲ್ಲು ಬಿತ್ತುವ ಸಿದ್ಧತೆ ನಡೆದಿತ್ತು. ಅದರ ಜಾಡು ಹಿಡಿದು ಹೋದ ತನಿಖೆ 2016ರಲ್ಲಿ ಭೂಗಳ್ಳರ ದೊಡ್ಡ ಜಾಲವೊಂದರ ಬಂಧನದವರೆಗೆ ಮುಟ್ಟಿತು.

ಆಯ್ದ ಮರಗಳನ್ನಷ್ಟೇ ಎಳೆದೊಯ್ಯುವ ನಾಟಾ ದಂಧೆಯೂ ಹೀಗೇ ಗೆರೆಯ ಹೊರಗೆ ಉಳಿದಿತ್ತು. ವಿಜ್ಞಾನಿ ಗ್ರೆಗರಿ ಆಸ್ನರ್ ಅವರ ತಂಡ 2005ರಲ್ಲಿ ಲ್ಯಾಂಡ್‌ಸ್ಯಾಟ್‌ನ ಒಂದೊಂದು ಚುಕ್ಕೆಯೊಳಗೂ ಎಲೆ, ಒಣಮರ, ಮಣ್ಣಿನ ಪಾಲು ಎಷ್ಟೆಂದು ಬಿಡಿಸಿ, 1999–2002ರ ನಡುವೆ ಐದು ರಾಜ್ಯಗಳಲ್ಲಿ ವರ್ಷಕ್ಕೆ 12,000ದಿಂದ 20,000 ಚ.ಕಿ.ಮೀ.ವರೆಗೆ ಇಂಥ ಕಡಿತ ನಡೆದಿದೆ ಎಂದು ತೋರಿಸಿತು. ಅಧಿಕೃತ ಅರಣ್ಯನಾಶದಷ್ಟೇ ದೊಡ್ಡ ಗಾಯ, ಅಧಿಕೃತ ಪಟ್ಟಿಯಲ್ಲಿ ಇಲ್ಲ.

ಈ ಲೆಕ್ಕದಲ್ಲಿ ಬೆಂಗಳೂರಿನ ಕೈಯೂ ಇದೆ. ಹಳೆಯ ಲ್ಯಾಂಡ್‌ಸ್ಯಾಟ್-5 2011ರಲ್ಲಿ ಸುಸ್ತಾಗಿ ನಿಂತಾಗ ತೆರವಾದ ಜಾಗ ತುಂಬಲು ಇಸ್ರೊದ ರಿಸೋರ್ಸ್‌ಸ್ಯಾಟ್ ಚಿತ್ರಗಳು ನೆರವಾದವು. 2015ರಲ್ಲಿ ಡೆಟೆರ್ ಸುಧಾರಿಸಿದಾಗ ಅದು ನಂಬಿದ ಮುಖ್ಯ ಕಣ್ಣುಗಳಲ್ಲಿ ಒಂದು ರಿಸೋರ್ಸ್‌ಸ್ಯಾಟ್-2ರ 56 ಮೀಟರಿನ ಕ್ಯಾಮೆರಾ. 2021ರ ಫೆಬ್ರುವರಿ 28ರಂದು ಬ್ರೆಜಿಲ್ ತಾನೇ ಪೂರ್ತಿಯಾಗಿ ಕಟ್ಟಿದ ಮೊದಲ ಭೂವೀಕ್ಷಣಾ ಉಪಗ್ರಹ ‘ಅಮೆಜೋನಿಯಾ-1’ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿಯ ಮೇಲೆ ಹಾರಿತು.

ಅಷ್ಟರಲ್ಲಿ ಲೆಕ್ಕ ಬರೆಯುವವರ ಮೇಲೆಯೇ ಏಟು ಬಿದ್ದಿತ್ತು. 2019ರ ಜುಲೈ 19ರಂದು ಅಧ್ಯಕ್ಷ ಜೈರ್ ಬೊಲ್ಸೊನಾರೊ ವಿದೇಶಿ ಪತ್ರಕರ್ತರ ಮುಂದೆ ಇನ್ಪೆಯ ಅಂಕಿಗಳೇ ಸುಳ್ಳೆಂದರು, ಅದರ ನಿರ್ದೇಶಕರು ಯಾವುದೋ ಸ್ವಯಂಸೇವಾ ಸಂಸ್ಥೆಯ ಸೇವೆಯಲ್ಲಿರಬಹುದು ಎಂದು ಕುಟುಕಿದರು. ನಿರ್ದೇಶಕ ರಿಕಾರ್ಡೊ ಗಾಲ್ವಾವೊ ಪ್ಲಾಸ್ಮಾ ಭೌತವಿಜ್ಞಾನಿ, ತಲೆತಗ್ಗಿಸುವ ಜಾಯಮಾನದವರಲ್ಲ. ಮರುದಿನವೇ ಬಹಿರಂಗವಾಗಿ ಅಧ್ಯಕ್ಷರನ್ನು ಖಂಡಿಸಿದರು. ಆಗಸ್ಟ್ 2ರಂದು ಅವರ ಹುದ್ದೆ ಹೋಯಿತು. ನವೆಂಬರಿನಲ್ಲಿ ಪ್ರೊಡೆಸ್‌ನ ವಾರ್ಷಿಕ ಅಂಕಿ ಬಂದಾಗ ಕಡಿತ ಹತ್ತು ವರ್ಷಗಳಲ್ಲೇ ಅತಿ ಹೆಚ್ಚು. ಅಂತಿಮ ಲೆಕ್ಕದಲ್ಲಿ 10,129 ಚ.ಕಿ.ಮೀ. ನಿರ್ದೇಶಕರನ್ನು ಬದಲಿಸಿದರೂ ಮೇಜಿನ ಮುಂದೆ ಕೂತು ಗೆರೆ ಎಳೆಯುವವರು ಬದಲಾಗಿರಲಿಲ್ಲ, ನಕ್ಷೆಗಳು ಆಗಲೇ ಎಲ್ಲರ ಕೈಗೆ ಸಿಕ್ಕಿದ್ದವು. 2021ರಲ್ಲಿ ಕಡಿತ 13,038ಕ್ಕೆ ಏರಿದ್ದನ್ನೂ ಅದೇ ಸಂಸ್ಥೆ ದಾಖಲಿಸಿತು.

2023ರಲ್ಲಿ ಮರೀನಾ ಸಿಲ್ವ ಮತ್ತೆ ಸಚಿವೆಯಾದರು, ಗಾಲ್ವಾವೊ ದೇಶದ ವಿಜ್ಞಾನ ಅನುದಾನ ಮಂಡಳಿಯ ಅಧ್ಯಕ್ಷರಾದರು. 2024ರ ಜುಲೈಗೆ ಮುಗಿದ ವರ್ಷದಲ್ಲಿ, ಇನ್ಪೆಯ ಮೊದಲ ಅಂದಾಜಿನಂತೆ, ಕಡಿತ 6,288 ಚ.ಕಿ.ಮೀ.ಗೆ ಇಳಿಯಿತು. ಆದರೆ ಅದೇ 2024ರಲ್ಲಿ ಬರ ಕಂಡರಿಯದಂತಿತ್ತು, ನದಿಗಳು ತಳ ಕಂಡವು, ನಿಂತ ಕಾಡಿನೊಳಗೇ ಬೆಂಕಿ ಹೊಕ್ಕಿತು. ಬ್ರೆಜಿಲ್‌ನ ಸಂಸ್ಥೆಗಳ ಒಕ್ಕೂಟ ‘ಮ್ಯಾಪ್‌ಬಯೋಮಾಸ್’ ಆ ವರ್ಷ ಅಮೆಜಾನ್‌ನಲ್ಲಿ ಸುಟ್ಟ ನೆಲವನ್ನು ಸುಮಾರು 1.79 ಲಕ್ಷ ಚ.ಕಿ.ಮೀ. ಎಂದು ಅಳೆಯಿತು, ಅದರಲ್ಲಿ ಹುಲ್ಲುಗಾವಲಿಗಿಂತ ಕಾಡಿನ ಪಾಲೇ ಹೆಚ್ಚು. ಬೆಂಕಿ ತಿಂದರೂ ಮರಗಳು ಒಂದಿಷ್ಟು ನಿಂತೇ ಇದ್ದರೆ ಪ್ರೊಡೆಸ್ ಅದನ್ನು ಕಡಿತವೆನ್ನುವುದಿಲ್ಲ. ಆಗಸ್ಟ್‌ನಿಂದಾಚೆಯ ಬೆಂಕಿಯಂತೂ ಹೇಗೂ ಮುಂದಿನ ವರ್ಷದ ಖಾತೆಗೆ. ಹೀಗಾಗಿ 6,288 ಒಂದು ಪಟ್ಟಿಯಲ್ಲಿ ಸೇರಿತು, 1.79 ಲಕ್ಷ ಇನ್ನೊಂದರಲ್ಲಿ. ಎರಡನ್ನೂ ಒಂದೇ ಪುಟದಲ್ಲಿ ಬರೆಯುವುದು ಹೇಗೆ ಎಂಬ ಚರ್ಚೆ ಬ್ರೆಜಿಲ್‌ನಲ್ಲಿ ಈಗ ನಡೆದಿದೆ.